ಗಿಣಿ ಓದಿದರೆ ಸಜ್ದಾ ಉಂಟೇ?

ಮನೆಯಲ್ಲೊಂದು ಗಿಣಿ. ಯಜಮಾನರು ದಿನಾ ಬೆಳಿಗ್ಗೆ ಕುರ್‌ಆನ್ ಓದುವುದನ್ನು ಕೇಳಿ ಕೇಳಿ ಅದಕ್ಕೂ ನಾಲ್ಕು ಸಾಲು ಬಾಯಿಗೆ ಬಂದಿದೆ. ಕುರ್‌ಆನಿನ ಕೆಲವು ವಚನಗಳನ್ನು ಓದಿದವರೂ ಕೇಳಿದವರೂ ಸಜ್ದಾ ಮಾಡಬೇಕು, ಅಂದರೆ ಹಣೆಯನ್ನು ನೆಲಕ್ಕೆ ಮುಟ್ಟಿಸಬೇಕು. ಸುನ್ನಿಗಳಲ್ಲಿ ಒಂದು ಪಂಥವಾದ ಹನಫಿಗಳ ಲೆಕ್ಕದಲ್ಲಿ ಇಂಥವು 14. ಒಂದು ದಿನ ಯಜಮಾನರು ಚಹಾ ಕುಡಿಯುತ್ತಿರುವಾಗ ಗಿಣಿ ಅಂಥದೇ ಒಂದು ವಚನವನ್ನು ಉಚ್ಚಾರದೋಷವಿಲ್ಲದೆ ಹೇಳಿಬಿಟ್ಟಿತು ಅನ್ನಿ. ಈಗ ಅವರು ಕಪ್ಪು ಕೆಳಗಿಟ್ಟು ಸಜ್ದಾ ಮಾಡಬೇಕೋ, ಚಹಾ ಮುಗಿಸಬಹುದೋ?

ಇದು ನಾನು ಕಟ್ಟಿದ ತಮಾಷೆಯಲ್ಲ. ಹನಫಿ ಧರ್ಮಶಾಸ್ತ್ರದ ಹಳೆಯ ಗ್ರಂಥಗಳಲ್ಲಿ ಈ ಪ್ರಶ್ನೆ ಗಂಭೀರವಾಗಿಯೇ ಕೂತಿದೆ. ಚಹಾ ಮಾತ್ರ ನನ್ನದು. ಈ ಪಂಥ ಹುಟ್ಟಿದ ಇರಾಕಿನ ಕೂಫಾ ಪಟ್ಟಣದ ಪಂಡಿತರಿಗೆ ಆಗದಿದ್ದದ್ದನ್ನೂ ಆದರೆ ಏನು ಎಂದು ಕೇಳಿಕೊಳ್ಳುವ ಚಟ. ಅದಕ್ಕೇ ಅವರ ವಿರೋಧಿಗಳು 'ಹೀಗಾದರೇನು, ಹಾಗಾದರೇನು' ಮಂದಿ ಎಂದು ಅಡ್ಡಹೆಸರಿಟ್ಟು ನಗುತ್ತಿದ್ದರಂತೆ. ನಕ್ಕವರ ಪ್ರಶ್ನೆಗಳೆಲ್ಲ ಹಳತಾದವು. ಗಿಣಿಯದು ಮಾತ್ರ ಈಗ ನಮ್ಮೆಲ್ಲರ ಜೇಬಿನೊಳಗೇ ಕೂತಿದೆ.

ಪಂಡಿತರ ತೀರ್ಪು ಹೀಗಿತ್ತು: ಗಿಣಿಗೆ ವಿವೇಚನೆಯಿಲ್ಲ, ಅದರ ಬಾಯಿಂದ ಬಂದದ್ದು ಸದ್ದು, ಪಠಣವಲ್ಲ, ಸಜ್ದಾ ಕಡ್ಡಾಯವಿಲ್ಲ. ಬೆಟ್ಟಕ್ಕೆ ಬಡಿದು ಮರಳಿದ ಪ್ರತಿಧ್ವನಿಗೂ ಇದೇ ನಿಯಮ. ಭಿನ್ನಮತವೂ ಇತ್ತೆನ್ನಿ, ಶಾಸ್ತ್ರವೆಂದ ಮೇಲೆ ಅದಿಲ್ಲದೆ ಇರುತ್ತದೆಯೇ? 2021ರಲ್ಲಿ ಎಮಿಲಿ ಬೆಂಡರ್, ಟಿಮ್ನಿಟ್ ಗೆಬ್ರು ಮುಂತಾದ ಸಂಶೋಧಕಿಯರು ಒಂದು ಪ್ರಬಂಧ ಪ್ರಕಟಿಸಿ, ಕೇಳಿದ್ದಕ್ಕೆಲ್ಲ ಉತ್ತರ ಹೇಳುವ ಇಂದಿನ ಯಂತ್ರಗಳ ಒಳಗಿರುವ ದೊಡ್ಡ ಭಾಷಾ ಮಾದರಿಗಳು ಅರ್ಥ ತಿಳಿಯದೆ ಮಾತು ಜೋಡಿಸುವ ಗಿಣಿಗಳು ಎಂದಾಗ ಅಮೆರಿಕದಲ್ಲಿ ದೊಡ್ಡ ಗದ್ದಲವೆದ್ದಿತು. ಕೂಫಾದವರು ಬದುಕಿದ್ದರೆ 'ಅದಕ್ಕಿಷ್ಟು ಗದ್ದಲವೇಕೆ?' ಎನ್ನುತ್ತಿದ್ದರೇನೋ.

ಪ್ರತಿಧ್ವನಿಯ ನಿಯಮ ಕಳೆದ ಶತಮಾನದಲ್ಲಿ ಒಮ್ಮೆ ಮೇಲೆದ್ದು ಬಂದಿತ್ತು, ಮಸೀದಿಗೆ ಲೌಡ್‌ಸ್ಪೀಕರ್ ಬಂದಾಗ. ಹಿಂದಿನ ಸಾಲಿನವನು ಕೇಳಿ ಬಾಗುತ್ತಿರುವುದು ಇಮಾಮರ ಸ್ವಂತ ದನಿಗೋ, ಅದರ ಪ್ರತಿಧ್ವನಿಗೋ? ಪ್ರತಿಧ್ವನಿಗಾದರೆ ನಮಾಜಿನಲ್ಲಿ ಇಲ್ಲದ ಒಂದು ಡಬ್ಬಿಯ ಮಾತು ಕೇಳಿದ ಹಾಗಾಯಿತಲ್ಲ! ದೇವಬಂದ್‌ನ ಮುಫ್ತಿ ಮುಹಮ್ಮದ್ ಶಫಿಯವರು ಮೊದಲು ಬೇಡವೆಂದವರು. ಆಮೇಲೆ ವಿಜ್ಞಾನ ಬಲ್ಲವರನ್ನು ವಿಚಾರಿಸಿ ನಮಾಜ್ ಕೆಡುವುದಿಲ್ಲ ಎಂದರು. ವಿಷಯ ಗೊತ್ತಿದ್ದವರನ್ನು ಕೇಳಿ ನಿಲುವು ಬದಲಿಸಿಕೊಂಡದ್ದು ನನಗೆ ಬಹಳ ಹಿಡಿಸಿತು. ಈಗ ಲೌಡ್‌ಸ್ಪೀಕರಿನ ತಗಾದೆ ಮುಫ್ತಿಗಳನ್ನು ಬಿಟ್ಟು ಪೊಲೀಸ್ ಠಾಣೆಗೆ ಹೋಗಿದೆ, ಆ ಮಾತು ಬೇರೆ.

ಯಂತ್ರವೆಂದರೆ ಮುಸ್ಲಿಮರಿಗೆ ಹೆದರಿಕೆ ಎಂದು ಇದರಿಂದ ತಿಳಿಯಬೇಡಿ. ಇಂದು ತುರ್ಕಿಯಲ್ಲಿರುವ ದಿಯಾರ್‌ಬಕಿರ್‌ನಲ್ಲಿ ಆಳುತ್ತಿದ್ದ ಅರ್ತುಕಿ ದೊರೆಗೆ, ವುಜೂ ಮಾಡುವಾಗ, ಅಂದರೆ ನಮಾಜಿಗೆ ಮುಂಚೆ ಕೈಕಾಲು ಮುಖ ತೊಳೆಯುವಾಗ, ಆಳೊಬ್ಬ ಪಕ್ಕದಲ್ಲಿ ನಿಂತು ನೀರು ಹೊಯ್ಯುವುದು ಇಷ್ಟವಿರಲಿಲ್ಲ. ಆಸ್ಥಾನದ ಎಂಜಿನಿಯರ್ ಅಲ್-ಜಝರಿ ತಾನೇ ನೀರು ಹೊಯ್ಯುವ ಗೊಂಬೆಯಾಳನ್ನು ಮಾಡಿಕೊಟ್ಟ. 1206ರಲ್ಲಿ ಮುಗಿಸಿದ ತನ್ನ ಗ್ರಂಥದಲ್ಲಿ ಇಂಥ 50 ಸಾಧನಗಳನ್ನು ಚಿತ್ರಸಹಿತ ವಿವರಿಸಿದ್ದಾನೆ. ಆನೆ ಗಡಿಯಾರವೂ ಅದರಲ್ಲಿದೆ. ಗೊಂಬೆ ನೀರು ಹೊಯ್ದರೆ ಆಯಿತು, ಹೆಚ್ಚೇನೂ ಬೇಡ. ಅದೇ ಗೊಂಬೆ 'ದೊರೆಗಳೇ, ನಿಮ್ಮ ವುಜೂ ಸರಿಯಾಗಲಿಲ್ಲ' ಎಂದಿದ್ದರೆ?

ಈಗ ಹಾಗೆ ಹೇಳುವ ಗೊಂಬೆಗಳೂ ಬಂದಿವೆ. ದುಬೈಯ ಧಾರ್ಮಿಕ ಇಲಾಖೆ 2019ರಲ್ಲೇ ಕೃತಕ ಬುದ್ಧಿಮತ್ತೆಯ ಫತ್ವಾ ಸೇವೆ ಶುರುಮಾಡಿತು. ನನ್ನ ಅಕ್ಕನ ಮಗ ಬೆಂಗಳೂರಲ್ಲಿ ಕಂಪ್ಯೂಟರ್ ಕೆಲಸದವನು. ಶೇರು ಕೊಳ್ಳಬಹುದೇ, ಸಾಲದ ಕಾರಿನ ಗತಿಯೇನು ಎಂದು ಎಲ್ಲವನ್ನೂ ಫೋನನ್ನೇ ಕೇಳುತ್ತಾನೆ. "ಮಸೀದಿಯ ಹಜರತ್ ಅವರನ್ನ ಕೇಳಬಾರದೇನೋ?" ಎಂದೆ. "ಅವರನ್ನ ಕೇಳಿದರೆ ಮೊದಲು ಬೆಳಗಿನ ಫಜರ್ ನಮಾಜಿಗೆ ಯಾಕೆ ಬರ್ತಿಲ್ಲ ಅಂತಾರೆ ಮಾಮೂ. ಇದು ಹಂಗೇನೂ ಕೇಳಲ್ಲ, ಒಳ್ಳೇ ಪ್ರಶ್ನೆ ಅಂತ ಹೊಗಳುತ್ತೆ" ಎಂದ.

ಹಜರತ್ ಮಾಡುವುದೇ ಸರಿಯಾದ ಕೆಲಸ ಎಂದು ನನಗನ್ನಿಸುತ್ತದೆ. ಪ್ರವಾದಿಯವರ ದಾಯಾದಿ ಇಬ್ನ್ ಅಬ್ಬಾಸರ ಬಳಿ ಒಬ್ಬ ಬಂದು ಕೊಲೆ ಮಾಡಿದವನಿಗೆ ಪಶ್ಚಾತ್ತಾಪದ ದಾರಿ ಇದೆಯೇ ಎಂದು ಕೇಳಿದನಂತೆ. ಅವರು ಇಲ್ಲವೆಂದರು. ಆತ ಹೋದ ಮೇಲೆ ಶಿಷ್ಯರಿಗೆ ಅಚ್ಚರಿ: ಇದೆ ಎಂದು ನೀವೇ ಹೇಳಿಕೊಡುತ್ತಿದ್ದಿರಲ್ಲ! 'ಅವನ ಮುಖದಲ್ಲಿ ಸಿಟ್ಟಿತ್ತು, ಯಾರನ್ನೋ ಕೊಲ್ಲಲು ಹೊರಟವನಂತಿದ್ದ' ಎಂದರಂತೆ. ವಿಚಾರಿಸಿದರೆ ಸಂಗತಿ ಹಾಗೇ ಇತ್ತು. ಕೇಳಿದವನ ಪ್ರಶ್ನೆಗೆ ಉತ್ತರ ಪುಸ್ತಕದಲ್ಲಿತ್ತು. ಕೊಡಬೇಕಾದ ಉತ್ತರ ಮುಖದಲ್ಲಿತ್ತು. ನನ್ನ ಅಳಿಯನ ಫೋನಿಗೂ ಮುಂದುಗಡೆ ಕ್ಯಾಮೆರಾ ಇದೆ. ಬೀಗ ತೆಗೆಯುವಷ್ಟಕ್ಕೆ ಮಾತ್ರ ಅದು ಅವನ ಮುಖ ನೋಡುತ್ತದೆ.

ಇನ್ನೊಂದು ಕತೆ ಮದೀನಾದ ಇಮಾಮ್ ಮಾಲಿಕರದು. ಅವರು ತೀರಿಕೊಂಡದ್ದು 795ರಲ್ಲಿ. ಬಹುದೂರದಿಂದ ತಿಂಗಳುಗಟ್ಟಲೆ ಪ್ರಯಾಣ ಮಾಡಿ ಬಂದವನೊಬ್ಬ ಪ್ರಶ್ನೆಗಳ ಕಟ್ಟನ್ನೇ ಬಿಚ್ಚಿದ. ಮಾಲಿಕರು ಹೆಚ್ಚಿನವಕ್ಕೆಲ್ಲ 'ನನಗೆ ಗೊತ್ತಿಲ್ಲ' ಎಂದರು. ಊರಿಗೆ ಹೋಗಿ ಏನು ಹೇಳಲಿ ಎಂದು ಆತ ಅಲವತ್ತುಕೊಂಡರೆ, ಮಾಲಿಕನಿಗೆ ಗೊತ್ತಿಲ್ಲವಂತೆ ಎಂದು ಹೇಳು ಎಂದರು. ಫೋನಿನೊಳಗಿನ ಪಂಡಿತನಿಗೆ ಕಷ್ಟವಾಗುವುದು ಈ ಒಂದು ಮಾತು. ಗೊತ್ತಿಲ್ಲದಿದ್ದರೆ ಅದು ಪ್ರವಾದಿಯವರ ನುಡಿಯೆನ್ನುವ ಹದೀಸನ್ನೇ ಹೊಸದಾಗಿ ಹೊಸೆದು, ಗ್ರಂಥದ ಹೆಸರು, ಸಂಖ್ಯೆ ಎಲ್ಲ ಹಚ್ಚಿ ಕೊಟ್ಟೀತು. ಯಾರು ಯಾರಿಂದ ಕೇಳಿದರು, ಅವರು ನಂಬಿಕಸ್ಥರೇ, ಇಬ್ಬರೂ ಒಂದೇ ಕಾಲದಲ್ಲಿ ಬದುಕಿದ್ದರೇ ಎಂದು ಒಂದೊಂದು ಮಾತಿನ ಹಿಂದಿನ ಜನರ ಸರಪಳಿಯನ್ನೇ ಜಾಲಾಡಿದ ಪರಂಪರೆಗೆ ಇದಕ್ಕಿಂತ ದೊಡ್ಡ ತಲೆನೋವಿಲ್ಲ. 'ನಿನಗಿದನ್ನು ಹೇಳಿದವರು ಯಾರು?' ಎಂದರೆ ಯಂತ್ರ ಇಡೀ ಅಂತರ್ಜಾಲದತ್ತ ಬೆರಳು ತೋರಿಸುತ್ತದೆ.

ಹಾಗಂತ ಈ ಯಂತ್ರ ಬೇಡವೇ ಬೇಡ ಎನ್ನುವವರ ಗುಂಪಿಗೆ ನಾನು ಸೇರಿದವನಲ್ಲ. ಸಾವಿರ ಪುಟದ ಫತ್ವಾ ಸಂಗ್ರಹದಲ್ಲಿ ಬೇಕಾದ ಪುಟ ಹುಡುಕಿಕೊಡಲು ಇದರಷ್ಟು ಚುರುಕಾದ ಶಿಷ್ಯ ಯಾವ ಮದರಸದಲ್ಲೂ ಸಿಗಲಾರ. ಈಜಿಪ್ಟಿನ ಫತ್ವಾ ಸಂಸ್ಥೆ ದಾರುಲ್ ಇಫ್ತಾ 2025ರ ಆಗಸ್ಟಿನಲ್ಲಿ ಕೈರೋದಲ್ಲಿ ನಡೆಸಿದ ಸಮ್ಮೇಳನದ ವಿಷಯವೂ ಕೃತಕ ಬುದ್ಧಿಮತ್ತೆಯ ಕಾಲದಲ್ಲಿ ವಿವೇಕಿ ಮುಫ್ತಿಯನ್ನು ಹೇಗೆ ತಯಾರುಮಾಡುವುದು ಎಂಬುದೇ. ಚಿಂತೆ ಯಂತ್ರದ್ದಲ್ಲ, ಮುಫ್ತಿಯದು.

ಎಲ್ಲಕ್ಕಿಂತ ನನಗೆ ಒಪ್ಪಿಗೆಯಾದದ್ದು ಮೆಕ್ಕಾದ ದೊಡ್ಡ ಮಸೀದಿಯಾದ ಮಸ್ಜಿದುಲ್ ಹರಾಮ್‌ನಲ್ಲಿ ಓಡಾಡಿಸಿದ ಮಾರ್ಗದರ್ಶಿ ರೋಬೋಟ್. ಯಾತ್ರಿಕರ ಪ್ರಶ್ನೆಗಳಿಗೆ ಉತ್ತರಿಸುವ ಅದರಲ್ಲಿ, ಬೇಕಾದರೆ ದೂರದಲ್ಲಿ ಕೂತ ವಿದ್ವಾಂಸರೊಡನೆ ನೇರ ಮಾತಾಡುವ ಏರ್ಪಾಡೂ ಇದೆ. ಗಿಣಿಯನ್ನು ಸಾಕುವುದಾದರೆ ಹೀಗೆ ಸಾಕಬೇಕು. ಅದು 11 ಭಾಷೆ ಬಲ್ಲದು. ಉರ್ದು, ಬಂಗಾಳಿ, ಹೌಸಾ ಕೂಡ ಸೇರಿವೆ. ಕನ್ನಡ ಇಲ್ಲ. ಆದ್ದರಿಂದ ಹಜ್‌ಗೆ ಹೊರಟಿರುವ ಕನ್ನಡಿಗರು ಸಂದೇಹಗಳನ್ನೆಲ್ಲ ಇಲ್ಲೇ, ಊರಿನ ಹಜರತ್ ಅವರ ಎದುರು ಕೂತು ಬಗೆಹರಿಸಿಕೊಂಡು ವಿಮಾನ ಹತ್ತುವುದು ಒಳ್ಳೆಯದು. ಫಜರ್ ನಮಾಜಿನ ಪ್ರಶ್ನೆಗೆ ಮಾತ್ರ ಸಿದ್ಧವಾಗಿಯೇ ಹೋಗಿ.