ಮಂದ್ರಪೇಟಿಕಾ ಪ್ರತಿಷ್ಠಾಪನ ಮೀಮಾಂಸೆ

ಲೋಕದಲ್ಲಿ ಶಾಸ್ತ್ರಗಳಿಗೇನೂ ಬರವಿಲ್ಲದಿರುವಾಗ, ತುಮಕೂರು ರಸ್ತೆಯ ಲಾರಿಗಳ ಅಖಂಡ ಘೋಷವನ್ನು ಹಗಲಿರುಳೂ ಕಿವಿಯಲ್ಲಿ ತುಂಬಿಕೊಂಡೇ ಬದುಕುವ ಮಾದನಾಯಕನಹಳ್ಳಿಯವನೊಬ್ಬ ಶ್ರವಣದ ಬಗ್ಗೆ ಇನ್ನೊಂದು ಗ್ರಂಥವನ್ನು ಏತಕ್ಕೆ ರಚಿಸಬೇಕೆಂದು ಕೇಳುವವರಿಗೆ ನನ್ನ ಸಮಾಧಾನವಿಷ್ಟೆ: ಎಸ್.ಪಿ. ರೋಡಿನಿಂದ ಎರಡು ಸ್ಪೀಕರುಗಳನ್ನೂ ಒಂದು ಸಬ್‌ವೂಫರನ್ನೂ ಆಟೋದಲ್ಲಿ ತಂದಿಳಿಸಿದ ಮರುದಿನ, ಅವನ್ನು ಎಲ್ಲಿಡಬೇಕೆಂಬುದನ್ನು ಬಲ್ಲವರೊಬ್ಬರು ಮನೆಗೆ ಬಿಜಯಂಗೈದು ಮೂರು ಗಂಟೆಗಳ ಕಾಲ ಉಪದೇಶಿಸಿದರು. ಅದನ್ನು ಕೇಳಿಯೂ ಉಳಿದುಕೊಂಡವನು ಗ್ರಂಥ ಬರೆಯದೆ ಇನ್ನೇನು ಮಾಡಿಯಾನು?

ಸಬ್‌ವೂಫರನ್ನು ಇನ್ನು ಮುಂದೆ ಶಾಸ್ತ್ರಗೌರವಾರ್ಥವಾಗಿ ಮಂದ್ರಪೇಟಿಕೆಯೆಂದು ಕರೆಯತಕ್ಕದ್ದು. ಅದನ್ನು ಪ್ರತಿಷ್ಠಾಪಿಸುವ ಶ್ರೋತೃಗೃಹಗಳು ಪಂಚವಿಧ. ಮೊದಲನೆಯದು ಶುದ್ಧಶ್ರೋತೃಗೃಹ: ಸಮಬಾಹು ತ್ರಿಕೋಣದ ಎರಡು ಮೂಲೆಗಳಲ್ಲಿ ಸ್ಪೀಕರುಗಳು, ಮೂರನೆಯದರಲ್ಲಿ ಒಂದು ಕುರ್ಚಿ, ಕುರ್ಚಿಯಲ್ಲಿ ಒಬ್ಬ ಗಂಡಸು; ಇತರ ಜೀವರಾಶಿಗೆ ಪ್ರವೇಶವಿಲ್ಲ. ಎರಡನೆಯದು ಮಿಶ್ರಶ್ರೋತೃಗೃಹ: ಹನ್ನೆರಡಡಿ ಉದ್ದ, ಹತ್ತಡಿ ಅಗಲದ ಬಾಡಿಗೆ ಮನೆಯ ಹಾಲು, ಅದರಲ್ಲಿ ಶೋಕೇಸು, ದೇವರ ಸ್ಟ್ಯಾಂಡು, ಅಕ್ಕಿಯ ಡ್ರಮ್ಮು, ಅಮ್ಮನ ಮಂಚ, ಮತ್ತು ಇರುವ ಒಂದೇ ಪ್ಲಗ್ ಪಾಯಿಂಟು ಬಾಗಿಲ ಹಿಂದೆ. ಉಳಿದ ಮೂರು ವಿಧಗಳನ್ನು ನಮ್ಮ ಕಡೆಯ ಯಾವ ಓನರೂ ಕಟ್ಟಿಸಿಲ್ಲವಾದ್ದರಿಂದ ವಿಭಾಗಕ್ರಮವನ್ನು ಇಲ್ಲಿಗೆ ಕೈಬಿಟ್ಟಿದ್ದೇನೆ.

ನಾದವು ಸೆಕೆಂಡಿಗೆ ಸುಮಾರು 343 ಮೀಟರು ನಡೆಯುವುದಷ್ಟೆ. ಆ ಗಣಿತದಂತೆ ಹನ್ನೆರಡಡಿಯ ಉದ್ದದೊಳಗೆ 47 ಹರ್ಟ್ಸಿನ ಅಲೆಯ ಅರ್ಧಭಾಗ ಸರಿಯಾಗಿ ಹಿಡಿಸುತ್ತದೆ. ಹಿಡಿಸಿದ್ದರಿಂದಲೇ ಅದು ಅಲ್ಲಿ ಬೇರೂರಿ, ಗೋಡೆಗೆ ಒರಗಿದವನ ಎದೆಯ ಮೇಲೆ ಕೂರುತ್ತದೆ, ನಟ್ಟನಡುವೆ ಕುಳಿತವನಿಗಾದರೋ ಬಹುಮಟ್ಟಿಗೆ ಕೇಳಿಸುವುದೇ ಇಲ್ಲ. ಇಷ್ಟು ಸತ್ಯ. ಇಷ್ಟನ್ನೇ ಹೇಳಿ ಕಾಫಿ ಕುಡಿದು ಹೊರಟಿದ್ದರೆ ಆ ಮಹನೀಯರನ್ನು ನಾನು ಇಂದಿಗೂ ಗೌರವಿಸುತ್ತಿದ್ದೆ. ಆದರೆ ಅವರು 'ಪ್ರಥಮ ಪ್ರತಿಫಲನ ಬಿಂದು'ವನ್ನು ಕಂಡುಹಿಡಿಯಲು ಹೊರಟರು. ಪಕ್ಕದ ಗೋಡೆಯ ಉದ್ದಕ್ಕೂ ಕನ್ನಡಿಯೊಂದನ್ನು ಸರಿಸುತ್ತ ಹೋದರೆ, ಕುರ್ಚಿಯಲ್ಲಿ ಕುಳಿತವನಿಗೆ ಎಲ್ಲಿ ಸ್ಪೀಕರು ಕಾಣುವುದೋ ಅದೇ ಆ ಬಿಂದು. ಸ್ಪೀಕರು ಕಾಣಬೇಕಾದಲ್ಲಿ ನನಗೆ ಕಂಡದ್ದು, ಮಂಚದ ಮೇಲೆ ಕುಳಿತು ಅವರೆಕಾಯಿ ಸುಲಿಯುತ್ತಿದ್ದ ಅಮ್ಮ.

"ಮಂಚ ತೆಗೆಸಿ, ಅಲ್ಲಿ ಶೋಷಕ ಫಲಕ ಬರಬೇಕು," ಎಂದರು.

"ಬಿಂದುವೋ ಗಿಂದುವೋ, ಫ್ಯಾನಿನ ಗಾಳಿ ಬೀಳೋದು ಇಲ್ಲೇ ಕಣಪ್ಪಾ," ಎಂದಳು ಅಮ್ಮ.

ಹಾರ್ವರ್ಡಿನ ಸಬೈನ್ ಎಂಬ ಪಂಡಿತ 1895ರಲ್ಲಿ ಮೊದಲ್ಗೊಂಡು, ರಾತ್ರಿಯ ಹೊತ್ತು ನಾಟಕಶಾಲೆಯ ಮೆತ್ತೆಗಳನ್ನು ಹೊರಿಸಿ ತಂದು ಉಪನ್ಯಾಸಮಂದಿರದಲ್ಲಿ ಹರಡಿ, ಎಷ್ಟು ಮೆತ್ತೆ ಎಷ್ಟು ಪ್ರತಿಧ್ವನಿಯನ್ನು ನುಂಗುವುದೆಂದು ಅಳೆದ ವೃತ್ತಾಂತವನ್ನು ನಾನು ಪ್ರಮಾಣವಾಗಿ ಒಡ್ಡಿದೆ. ಅಮ್ಮನ ಹಾಸಿಗೆ, ಕಂಬಳಿ, ಸ್ವತಃ ಅಮ್ಮ, ಇವರೂ ಶೋಷಕರೇ ಅಲ್ಲವೆ? ಅವು ತಾರದ ನಾದವನ್ನಷ್ಟೇ ನುಂಗುವುವು, ಮಂದ್ರವನ್ನಲ್ಲ ಎಂದರು. ಅದೂ ನಿಜವೇ ಆಗಿತ್ತು; ಅವರ ಮೇಲಿನ ನನ್ನ ಸಿಟ್ಟಿಗೆ ಅದೇ ಮುಖ್ಯ ಕಾರಣ.

ಕಡೆಗೆ ಉಳಿದದ್ದು ಅಂಬೆಗಾಲ ಪ್ರದಕ್ಷಿಣೆ. ಮಂದ್ರಪೇಟಿಕೆಯನ್ನು ಕುರ್ಚಿಯ ಮೇಲೆ ಕುಳ್ಳಿರಿಸಿ, ಯಜಮಾನನಾದವನು ಗೋಡೆಗುಂಟ ತೆವಳುತ್ತ, ಎಲ್ಲಿ ಬೇಸು ಏರುಪೇರಿಲ್ಲದೆ ಕೇಳುವುದೋ ಅಲ್ಲಿ ಪೇಟಿಕೆಯನ್ನು ನೆಲೆಗೊಳಿಸಬೇಕು. ಐವತ್ತೆರಡರ ಪ್ರಾಯದಲ್ಲಿ ನಾನು ತೆವಳಿದೆ. ಸಿದ್ಧಿ ದೊರೆತದ್ದು ಪಕ್ಕದ ಮನೆಯೊಂದಿಗೆ ನಾವು ಹಂಚಿಕೊಂಡಿರುವ, ಹೆಚ್ಚೆಂದರೆ ನಾಲ್ಕಿಂಚು ದಪ್ಪದ ಬ್ಲಾಕಿನ ಗೋಡೆಯ ಬುಡದಲ್ಲಿ.

ಆ ಗೋಡೆಯ ಆಚೆ ಪೀಣ್ಯದಲ್ಲಿ ನೈಟ್ ಶಿಫ್ಟ್ ಮುಗಿಸಿ ಬಂದು ಎಂಟು ಗಂಟೆಗೆ ಮಲಗುವ ಹುಡುಗನೊಬ್ಬನಿದ್ದಾನೆ. ಈ ಶಾಸ್ತ್ರದ ನಕ್ಷೆಗಳನ್ನೆಲ್ಲ ನಾನು ತಿರುವಿಹಾಕಿದ್ದೇನೆ. ಕಿವಿಯ ಎತ್ತರವೆಷ್ಟು, ಪರದೆಯ ದಪ್ಪವೆಷ್ಟು ಎಂಬುದುಂಟು, ಗೋಡೆಯ ಆಚೆ ಮನುಷ್ಯನಿದ್ದಾನೆಂಬ ಒಂದು ಚುಕ್ಕೆಯಿಲ್ಲ. ಕಾನೂನಾದರೂ ಅವನ ಕಡೆಗಿದೆಯೇ ಎಂದರೆ, 2000ದ ಶಬ್ದಮಾಲಿನ್ಯ ನಿಯಮಗಳು ವಸತಿಪ್ರದೇಶಕ್ಕೆ ಹಗಲು 55, ಇರುಳು 45 ಡೆಸಿಬೆಲ್ ಎಂದು ವಿಧಿಸಿ, ಬೆಳಗಿನ ಆರರಿಂದ ರಾತ್ರಿಯ ಹತ್ತರವರೆಗಿನದನ್ನೆಲ್ಲ ಹಗಲೆಂದು ಎಣಿಸಿದ್ದಾವೆ. ಅವನ ಇರುಳು ಅವಕ್ಕೆ ಗೊತ್ತಿಲ್ಲ. ಅಳೆಯುವ 'ಎ' ಮಾನವೋ, 50 ಹರ್ಟ್ಸಿನ ನಾದಕ್ಕೆ 30 ಡೆಸಿಬೆಲ್ಲುಗಳ ರಿಯಾಯಿತಿ ಕೊಟ್ಟೇ ಲೆಕ್ಕ ಹಿಡಿಯುತ್ತದೆ. ಇಡೀ ಗೋಡೆಯನ್ನು ನಡುಗಿಸುವ ನಾದವೇ ಲೆಕ್ಕದ ಪುಸ್ತಕದಲ್ಲಿ ಪಿಸುಮಾತಾಗುವ ಈ ವ್ಯವಸ್ಥೆಯನ್ನು ಯಾವ ಪುಣ್ಯಾತ್ಮ ಮಲಗಿ ನೋಡಿದ್ದಾನೋ ತಿಳಿಯದು.

ಹುಡುಗ ಜಗಳಕ್ಕೆ ಬರಲಿಲ್ಲ. ಹನ್ನೊಂದು ದಿನಗಳಾದ ಮೇಲೆ, ತಪ್ಪಾಗಿ ಬಂದ ಕರೆಂಟ್ ಬಿಲ್ಲನ್ನು ಕೊಡಲು ನಾನೇ ಹೋದಾಗ, ಅವನ ಗೋಡೆಗಂಟಿದ ಸ್ಟೀಲ್ ಸ್ಟ್ಯಾಂಡನ್ನು ನೋಡಿದೆ: ಪ್ರತಿ ತಟ್ಟೆಯ ನಡುವೆ, ಪ್ರತಿ ಲೋಟದ ಅಡಿಯಲ್ಲಿ, ನಾಲ್ಕಾಗಿ ಮಡಿಸಿದ ಹಳೆಯ ಪತ್ರಿಕೆ. "ಅದುರ್ತಾವೆ ಸಾರ್, ಅದಕ್ಕೇ ಇಟ್ಟೆ," ಎಂದು ನಾಚಿಕೊಂಡು, ಕೂರಲು ಕುರ್ಚಿ ಎಳೆದ.