ಯೂರೋಪೀಯ ಪದಕಸಂಗ್ರಹಶಾಸ್ತ್ರ: ಗುರ್ಜರಖಂಡ

ಅನ್ಯರ ಎದೆಯ ಮೇಲಿದ್ದುದನ್ನು ತನ್ನ ಕಪಾಟಿಗೆ ತಂದು, ಅದು ತನಗೇ ಸಂದದ್ದೆಂಬ ಗತ್ತಿನಲ್ಲಿ ಮಾತನಾಡುವ ವಿದ್ಯೆಗೆ ಪದಕಸಂಗ್ರಹಶಾಸ್ತ್ರವೆಂದು ಹೆಸರು. ಇದರ ಅಂಗಗಳು ಐದು: ನಕ್ಷತ್ರ, ಬಿಲ್ಲೆ, ಪಟ್ಟಿ, ಕಂಠಹಾರ, ಸಂಗ್ರಾಹಕ. ಮೊದಲ ನಾಲ್ಕು ಕಾಲಕ್ರಮದಲ್ಲಿ ಮಾಸುತ್ತವೆ.

ಗುರ್ಜರಖಂಡದಲ್ಲಿ ಪ್ರಧಾನವಾದ ಶ್ರೇಣಿಗಳು ಎರಡು: 1861ರ ಸ್ಟಾರ್ ಆಫ್ ಇಂಡಿಯಾ ಮತ್ತು 1878ರ ಇಂಡಿಯನ್ ಎಂಪೈರ್. ಮೊದಲನೆಯದಕ್ಕೆ ಬಿಳಿಯಂಚಿನ ತಿಳಿನೀಲಿ ಪಟ್ಟಿ, ಓನಿಕ್ಸ್ ಕಲ್ಲಿನಲ್ಲಿ ಕೆತ್ತಿದ ವಿಕ್ಟೋರಿಯಾ ರಾಣಿಯ ಮುಖ. ಎರಡನೆಯದರ ಬಿಲ್ಲೆ ಗುಲಾಬಿ ಹೂವಿನ ಆಕಾರದ್ದು. ಆರಂಭದ ಬಿಲ್ಲೆಗಳಲ್ಲಿ ‘ಇಂಡಿಯಾ’ ಎಂಬುದರ ಐದು ಇಂಗ್ಲಿಷ್ ಅಕ್ಷರಗಳು ದಳಕ್ಕೊಂದರಂತೆ ಇದ್ದವು. ಮುಂದೆ ಇಂಡಿಯಾ ಉದುರಿತು, ದಳಗಳು ಉಳಿದವು. ಈ ಘಟನೆಯನ್ನು ‘ಅಕ್ಷರಚ್ಯುತ-ದಳಶೇಷ-ನ್ಯಾಯ’ ಎಂದು ಕರೆಯುವುದು ಯುಕ್ತ.

ಪದಕಗಳು ಸ್ಥೂಲವಾಗಿ ನಾಲ್ಕು ವಿಧ.

1. ಪೃಷ್ಠದರ್ಶನೋತ್ತರ ವಕ್ಷೋಲಂಕಾರ. ಇದರ ಕ್ಷೇತ್ರ ವಡೋದರಾ, ಅಂದಿನ ಬರೋಡಾ. ಅಲ್ಲಿನ ಮಹಾರಾಜ ಮೂರನೆಯ ಸಯಾಜಿರಾವ್ ಗಾಯಕವಾಡರಿಗೆ 21 ತೋಪುಗಳ ಮರ್ಯಾದೆಯಿತ್ತು, 1887ರಲ್ಲಿ ಬಂದ, ಸ್ಟಾರ್ ಆಫ್ ಇಂಡಿಯಾದ ಅತ್ಯುನ್ನತ ದರ್ಜೆಯಾದ ಜಿಸಿಎಸ್‌ಐ ಇತ್ತು, ಆಂಗ್ಲ ಸರ್ಕಾರದ ಖಾಸಾ ಮಗನೆಂಬ ಬಿರುದೂ ಇತ್ತು. 1911ರ ದೆಹಲಿ ದರ್ಬಾರಿನಲ್ಲಿ ಈ ಮಗ ಐದನೆಯ ಜಾರ್ಜ್ ಎದುರು ಒಮ್ಮೆ ಮಾತ್ರ ತಲೆಬಾಗಿ, ಬೆನ್ನು ತಿರುಗಿಸಿ ನಡೆದುಬಿಟ್ಟರು. ಗದ್ದಲವೆದ್ದಿತು, ಕ್ಷಮಾಪಣೆಯ ಪತ್ರ ಹೋಯಿತು. 1919ರಲ್ಲಿ ಇಂಡಿಯನ್ ಎಂಪೈರ್ ಶ್ರೇಣಿಯ ಅತ್ಯುನ್ನತ ದರ್ಜೆಯಾದ ಜಿಸಿಐಇ ಬಂತು. ಬೆನ್ನಿನ ದೋಷಕ್ಕೆ ಎದೆಯಲ್ಲಿ ಪರಿಹಾರ.

2. ಕಾರ್ಪಾಸಜನ್ಯೋಪಾಧಿ. ಇದರ ಕ್ಷೇತ್ರ ಅಹಮದಾಬಾದ್. 1861ರಲ್ಲಿ ಆ ಊರಿನ ಮೊದಲ ಬಟ್ಟೆ ಗಿರಣಿ ನಡೆಸಿದ ರಣಛೋಡಲಾಲ್ ಛೋಟಾಲಾಲ್ ಇಂಡಿಯನ್ ಎಂಪೈರ್ ಶ್ರೇಣಿಯ ಕಿರಿಯ ದರ್ಜೆಯ ಸಿಐಇ ಆದರು. ಮೊಮ್ಮಗ ಚಿನುಭಾಯಿ 1913ರಲ್ಲಿ ಬ್ಯಾರೊನೆಟ್ ಆದರು. ಹತ್ತಿಯಿಂದ ನೂಲು, ನೂಲಿನಿಂದ ಬಟ್ಟೆ, ಬಟ್ಟೆಯಿಂದ ಬಿರುದು ಎಂಬುದು ಇಲ್ಲಿನ ಉತ್ಪತ್ತಿಕ್ರಮ.

3. ಜಿಹ್ವಾಸ್ಥಿತ. ಇದಕ್ಕೆ ಕಪಾಟು ಬೇಕಿಲ್ಲ. ಸೂರತ್ತಿನಲ್ಲಿ ಎಂಜಿನಿಯರಾಗಿ ದುಡಿದಿದ್ದ ವಿಶ್ವೇಶ್ವರಯ್ಯನವರಿಗೆ ಮೈಸೂರಿನ ದಿವಾನರಾಗಿದ್ದಾಗ, 1915ರಲ್ಲಿ, ಅದೇ ಶ್ರೇಣಿಯ ನಡುವಣ ದರ್ಜೆಯಾದ ಕೆಸಿಐಇ ಬಂತು, ಅದರೊಡನೆ ಹೆಸರಿನ ಮುಂದೆ ‘ಸರ್’ ಬಂತು. ಸಾಮ್ರಾಜ್ಯ ಹೋಗಿ ಮುಕ್ಕಾಲು ಶತಮಾನ ಕಳೆದರೂ ಕನ್ನಡಿಗರು ಆ ‘ಸರ್’ ಅನ್ನು ನಾಲಿಗೆಯ ಮೇಲೆ ಒಂದು ಗೀರೂ ಬೀಳದಂತೆ ಕಾಪಾಡಿದ್ದಾರೆ.

ನಾಲ್ಕನೆಯದಕ್ಕೆ ಸಂಸ್ಕೃತದ ಹೆಸರು ಕೊಡುವುದು ನಾಚಿಕೆಗೇಡು. ಕೈಸರ್-ಇ-ಹಿಂದ್ ಪದಕ ಸ್ಥಾಪನೆಯಾದದ್ದು 1900ರಲ್ಲಿ. ಗುಜರಾತು ಆಗ ಛಪ್ಪನಿಯೋ ಎಂದು ಹೆಸರಾದ ಬರದ ಬಾಯಲ್ಲಿತ್ತು. 1891ರಲ್ಲಿ 24 ಲಕ್ಷವಿದ್ದ ಬರೋಡಾ ಸಂಸ್ಥಾನದ ಜನಸಂಖ್ಯೆ 1901ರ ಗಣತಿಯ ಹೊತ್ತಿಗೆ 19.5 ಲಕ್ಷಕ್ಕೆ ಇಳಿದಿತ್ತು. ಹರಾಜಿನ ಕ್ಯಾಟಲಾಗು ಚಿನ್ನದ ತೂಕ ಹೇಳುತ್ತದೆ, ಪಟ್ಟಿಯ ಬಣ್ಣ ಹೇಳುತ್ತದೆ, ಮೂಲ ಡಬ್ಬಿ ಇದೆಯೋ ಇಲ್ಲವೋ ಹೇಳುತ್ತದೆ. ಇಲ್ಲವಾದ ಆ ಲಕ್ಷಗಟ್ಟಲೆ ಜನರ ಮಾತು ‘ಸ್ಥಿತಿಗತಿ’ ಎಂಬ ಅಂಕಣದಲ್ಲಿ ಬರುವುದಿಲ್ಲ. ಹಸಿದವರಿಗೆ ಕಾಳು ಒದಗಿಸಲಾರದ ದೊರೆತನಕ್ಕೆ ಪದಕ ಅಚ್ಚು ಹಾಕಿಸಲು ಚಿನ್ನವಿತ್ತು. ಅದೇ ಪದಕ 1915ರಲ್ಲಿ ಗಾಂಧೀಜಿಗೆ ಬಂತು. ಅಹಮದಾಬಾದಿನಲ್ಲಿ ನೆಲೆಸಿದ್ದ ಅವರು 1920ರ ಆಗಸ್ಟ್ 1ರಂದು, ಬೋಯರ್ ಮತ್ತು ಜುಲು ಯುದ್ಧಗಳ ಪದಕಗಳ ಜೊತೆಗೆ, ಅದನ್ನು ವೈಸ್‌ರಾಯ್‌ಗೆ ಹಿಂದಿರುಗಿಸಿದರು. ಕೊಟ್ಟವನ ಕೈ ಕೊಳಕಾಗಿದ್ದರೆ ಪದಕಕ್ಕೆ ಮಾಡಬೇಕಾದದ್ದು ಅಷ್ಟೆ. ಶಾಸ್ತ್ರದ ಕಣ್ಣಿಗೆ ಇದು ‘ಅಪೂರ್ಣ ಸೆಟ್’.

ಸಂರಕ್ಷಣೆ: ಉಜ್ಜಬಾರದು, ಬೆಲೆ ಇಳಿಯುತ್ತದೆ. ಕಾನೂನು: 1972ರ ಕಾಯಿದೆಯಂತೆ ನೂರು ವರ್ಷ ದಾಟಿದ ಪುರಾತನವಸ್ತುವನ್ನು ಖಾಸಗಿಯವರು ದೇಶದಿಂದಾಚೆ ಸಾಗಿಸುವಂತಿಲ್ಲ. ಸಂವಿಧಾನದ 18ನೆಯ ವಿಧಿ ಬಿರುದುಗಳನ್ನೇ ರದ್ದುಮಾಡಿದೆ. ಕೆಸಿಐಇ ಪಡೆದವರಲ್ಲಿ ಕೊನೆಯವರಾಗಿ ಉಳಿದಿದ್ದ, ಗುಜರಾತಿನ ಧ್ರಾಂಗಧ್ರಾದ ಅರಸರಾಗಿದ್ದ ಮೇಘರಾಜ್‌ಜಿ 2010ರಲ್ಲಿ ತೀರಿಕೊಂಡರು. ಹೀಗೆ ಈ ಖಂಡ ಮುಗಿಯುತ್ತದೆ. ಶಾಲು, ಪೇಟ, ಗಂಧದ ಹಾರ, ಹಣ್ಣಿನ ಬುಟ್ಟಿ, ಅರ್ಜಿ ಹಾಕಿ ಪಡೆದ ಪ್ರಶಸ್ತಿ ಹಾಗೂ ಗೌರವ ಡಾಕ್ಟರೇಟುಗಳ ವಿಚಾರ ಕರ್ನಾಟಕಖಂಡಕ್ಕೆ ಸೇರಿದ್ದು. ಅದಕ್ಕೆ ಒಂದು ಸಂಪುಟ ಸಾಲದು.