ವಿಂಡೋಸ್ 7ರಲ್ಲೇ ಕೊನೆತನಕ ಬಾಳುವ ಕ್ರಮ

ಕ್ರೋಮ್ ತೆರೆದ ಕೂಡಲೇ ಮೇಲ್ಗಡೆ ಒಂದು ಪಟ್ಟಿ ಕಾಣಿಸುತ್ತದೆ. ಮುಂದಿನ ಅಪ್‌ಡೇಟ್ ಬೇಕಾದರೆ ವಿಂಡೋಸ್ 10 ಅಥವಾ ಅದಕ್ಕಿಂತ ಹೊಸದು ಬೇಕು, ಈ ಕಂಪ್ಯೂಟರಿನಲ್ಲಿರುವುದು ವಿಂಡೋಸ್ 7 ಎಂದು ಅದು ಹೇಳುತ್ತದೆ. ಅನುಭವ ಸಾಲದವರು ಇದನ್ನು ಓದಿ ಗಾಬರಿಯಾಗುತ್ತಾರೆ. ಕೆಲವರಂತೂ ಏನಾದರೂ ಕ್ರಮವನ್ನೇ ಕೈಗೊಂಡುಬಿಡುತ್ತಾರೆ. ನೀವು ಹಾಗೆ ದುಡುಕಬೇಡಿ. ಬ್ರೌಸರ್ ನಿಮ್ಮನ್ನು ಬಿಟ್ಟರೂ ನೀವು ಬ್ರೌಸರನ್ನು ಬಿಡದೆ ವರ್ಷಗಟ್ಟಲೆ ತಳ್ಳಬಹುದು. ಅದಕ್ಕೆ ಬೇಕಾದದ್ದು ಸ್ವಲ್ಪ ಧೈರ್ಯ, ಸಾಕಷ್ಟು ಸೋಮಾರಿತನ ಮತ್ತು ಈ ಕೆಳಗಿನ ಹಂತಗಳು. ಒಂದನ್ನೂ ಬಿಡದೆ ಪಾಲಿಸಿ.

ಹಂತ 1: ಪಟ್ಟಿ ಮುಚ್ಚಿ

ಪಟ್ಟಿಯ ಬಲತುದಿಯಲ್ಲಿ ಒಂದು ಪುಟ್ಟ ಗುಣಾಕಾರ ಚಿಹ್ನೆಯಿದೆ. ಅದನ್ನು ಒತ್ತಿ. ಪಟ್ಟಿ ಹೋಯಿತು, ಅದರ ಜೊತೆಗೆ ಸಮಸ್ಯೆಯೂ ಹೋಯಿತು. ನಾಳೆ ಮತ್ತೆ ಬಂದರೆ ಮತ್ತೆ ಒತ್ತಿ. ಒಂದೆರಡು ವಾರ ಕಳೆಯುವಷ್ಟರಲ್ಲಿ ಕಣ್ಣು ಅದನ್ನು ನೋಡುವುದನ್ನೇ ಬಿಡುತ್ತದೆ, ಕೈ ಮಾತ್ರ ತಾನಾಗಿ ಒತ್ತುತ್ತಿರುತ್ತದೆ. ಪಕ್ಕದಲ್ಲಿ ಹೆಚ್ಚಿನ ಮಾಹಿತಿಗೆ ಒಂದು ಕೊಂಡಿ ಕೊಟ್ಟಿರುತ್ತಾರೆ. ಅದರ ತಂಟೆಗೆ ಹೋಗಬೇಡಿ. ಮಾಹಿತಿ ಹೆಚ್ಚಾದರೆ ನಿದ್ದೆ ಕಡಿಮೆಯಾಗುತ್ತದೆ.

ಹಂತ 2: ತಾರೀಖುಗಳನ್ನು ನಿಮಗೆ ಬೇಕಾದಂತೆ ಓದಿಕೊಳ್ಳಿ

ವಿಂಡೋಸ್ 7 ಮಾರುಕಟ್ಟೆಗೆ ಬಂದದ್ದು 2009ರ ಅಕ್ಟೋಬರ್ 22ರಂದು. ಮೈಕ್ರೋಸಾಫ್ಟ್ ಅದರ ಬೆಂಬಲ ನಿಲ್ಲಿಸಿದ್ದು 2020ರ ಜನವರಿ 14ರಂದು. ದುಡ್ಡು ಕಟ್ಟಿದ ಸಂಸ್ಥೆಗಳಿಗೆ ಮಾತ್ರ ಇನ್ನೂ ಮೂರು ವರ್ಷ ಭದ್ರತಾ ಅಪ್‌ಡೇಟ್ ಕೊಟ್ಟು, 2023ರ ಜನವರಿ 10ಕ್ಕೆ ಕೈತೊಳೆದುಕೊಂಡಿತು. ಅದೇ ದಿನ ಬಂದ ಕ್ರೋಮ್ 109 ನಿಮ್ಮ ಪಾಲಿನ ಕೊನೆಯ ಕ್ರೋಮ್. ವಿಂಡೋಸ್ 8 ಮತ್ತು 8.1 ಇಟ್ಟುಕೊಂಡವರಿಗೂ ಅದೇ ಕೊನೆ. ಫೆಬ್ರವರಿ 7ಕ್ಕೆ ಬಂದ 110 ನಿಮ್ಮ ಕಡೆ ತಿರುಗಿಯೂ ನೋಡಲಿಲ್ಲ. ಎಡ್ಜ್ ಕೂಡ 109ಕ್ಕೇ ನಿಂತಿತು.

ಇದರಿಂದ ಎರಡು ಅರ್ಥ ತೆಗೆಯಬಹುದು. ಹದಿಮೂರು ವರ್ಷ ನಡೆಸಿ, ನಿಲ್ಲಿಸುವ ದಿನವನ್ನೂ ಮುಂಚೆಯೇ ಹೇಳಿದ್ದಾರೆ ಎಂಬುದು ಒಂದು. ಈ ಕಂಪನಿಗಳವರು ನಿಲ್ಲಿಸುತ್ತೇವೆ ಎಂದಾಗ ನಿಲ್ಲಿಸುವುದಿಲ್ಲ ಎಂಬುದು ಇನ್ನೊಂದು. ನೀವು ಎರಡನೆಯದನ್ನೇ ಹಿಡಿದುಕೊಳ್ಳಿ, ಪುರಾವೆ ಬೇಕಾದಷ್ಟಿದೆ. ವಿಂಡೋಸ್ ಎಕ್ಸ್‌ಪಿಯ ಕಾಲದಲ್ಲಿ ಗೂಗಲ್ ಮೊದಲು 2015ರ ಏಪ್ರಿಲ್ ತನಕ ಅಂದಿತು, ಆಮೇಲೆ ಆ ವರ್ಷದ ಕೊನೆತನಕ ಅಂದಿತು, ಕಡೆಗೆ 2016ರ ಏಪ್ರಿಲಿಗೆ ನಿಲ್ಲಿಸಿತು. ಫೈರ್‌ಫಾಕ್ಸ್ ಕೂಡ ವಿಂಡೋಸ್ 7ಕ್ಕೆಂದು ಉಳಿಸಿಕೊಂಡ ತನ್ನ 115ನೇ ಆವೃತ್ತಿಯನ್ನು 2024ರ ಸೆಪ್ಟೆಂಬರಿಗೆ ಮುಗಿಸುವ ಮಾತಾಡಿ, ಆಮೇಲೆ ಒಂದಕ್ಕಿಂತ ಹೆಚ್ಚು ಸಲ ಗಡುವು ಮುಂದೂಡಿತು. ಮುಂದೂಡಿದ್ದನ್ನು ಮಾತ್ರ ನೆನಪಿಟ್ಟುಕೊಳ್ಳಿ, ಕಡೆಗೆ ನಿಲ್ಲಿಸಿಯೇ ತೀರುತ್ತಾರೆ ಎಂಬುದನ್ನು ಮರೆಯಿರಿ.

ಹಂತ 3: ಕಾರಣ ಕೇಳಬೇಡಿ

ಕಾರಣ ತಿಳಿದರೆ ಒಪ್ಪಿಕೊಂಡುಬಿಡುವ ಅಪಾಯವಿದೆ. ಯಾರಾದರೂ ವಿವರಿಸಲು ಕೂತರೆ ಕಾಫಿ ತರಿಸಿ ಮಾತು ಬದಲಿಸಿ. ಅವರು ಹೇಳಹೊರಡುವುದು ಇಷ್ಟು: ಬ್ರೌಸರ್ ಒಂಟಿಯಾಗಿ ಕೆಲಸ ಮಾಡುವುದಿಲ್ಲ. ಪರದೆಗೆ ಬರೆಯಲು, ಕಡತ ತೆರೆಯಲು, ಒಂದು ಜಾಲತಾಣದ ಕಿಡಿಗೇಡಿತನ ಇಡೀ ಯಂತ್ರಕ್ಕೆ ಹರಡದಂತೆ ತಡೆಯಲು ಅದು ಆಪರೇಟಿಂಗ್ ಸಿಸ್ಟಮ್ಮನ್ನೇ ನೆಚ್ಚಿಕೊಂಡಿದೆ. ಆ ಸಿಸ್ಟಮ್ಮಿನ ತೂತುಗಳನ್ನು ಮುಚ್ಚುವವರೇ ಇಲ್ಲವಾದ ಮೇಲೆ ಬ್ರೌಸರ್ ಎಷ್ಟು ಗಟ್ಟಿಯಿದ್ದರೂ ಅಷ್ಟೇ. ಹಳೆಯ ವಿಂಡೋಸ್‌ಗೂ ಹೊಸ ವಿಂಡೋಸ್‌ಗೂ ಹೊಂದುವಂತೆ ಬರೆಯಲು, ಪ್ರತಿ ಬದಲಾವಣೆಯನ್ನೂ ಎರಡರಲ್ಲೂ ಪರೀಕ್ಷಿಸಲು ಎಂಜಿನಿಯರ್‌ಗಳ ಕೂಲಿ ಬೇರೆ ಕೊಡಬೇಕು.

ಇದಕ್ಕಿಂತ ಕಿರಿಕಿರಿಯ ಇನ್ನೊಂದು ಸಂಗತಿಯಿದೆ. ಕ್ರೋಮ್‌ಗೆ ಆಧಾರವಾದ ಕ್ರೋಮಿಯಂನ ಸೋರ್ಸ್ ಕೋಡ್ ಎಲ್ಲರಿಗೂ ತೆರೆದಿದೆ. ಹೊಸ ಆವೃತ್ತಿಯಲ್ಲಿ ಒಂದು ದೋಷ ತಿದ್ದಿದರೆ, ಏನನ್ನು ತಿದ್ದಿದರು ಎಂಬುದನ್ನು ಕಳ್ಳನೂ ಕೂತು ಓದಬಹುದು. ಅದೇ ದೋಷ ನಿಮ್ಮ 109ರಲ್ಲಿ ಹಾಗೇ ಇದ್ದರೆ, ಊರಿನಲ್ಲಿ ಯಾರ ಮನೆಯ ಹಿತ್ತಿಲ ಬಾಗಿಲಿಗೆ ಚಿಲಕವಿಲ್ಲ ಎಂದು ಡಂಗುರ ಹೊಡೆಸಿದಂತೆ. ಹಿತ್ತಿಲ ಬಾಗಿಲು ನಿಮ್ಮದೇ ಎಂಬುದನ್ನು ಒಪ್ಪಿಕೊಳ್ಳಬೇಡಿ.

ಇಷ್ಟೆಲ್ಲ ಕೇಳಿಸಿಕೊಂಡ ಮೇಲೆ “ನನ್ನ ಕಂಪ್ಯೂಟರಿನಲ್ಲಿ ಕದಿಯೋಕೆ ಏನಿದೆ ಬಿಡಿ” ಅನ್ನಿ. ಹೀಗನ್ನುವಾಗ ಜಿಮೇಲ್, ಬ್ಯಾಂಕು, ಆಧಾರ್ ಪಿಡಿಎಫ್ ಮೂರೂ ಪಕ್ಕಪಕ್ಕದ ಟ್ಯಾಬಿನಲ್ಲಿ ತೆರೆದಿರಲಿ.

ಹಂತ 4: ಪುಟ ಕೆಟ್ಟರೆ ಪಕ್ಕದವರನ್ನು ದೂರಿ

ಕೆಲವು ತಿಂಗಳಾದ ಮೇಲೆ ಜಾಲತಾಣಗಳು ಒಂದೊಂದಾಗಿ ಸೊಟ್ಟಗಾಗುತ್ತವೆ. ಬಟನ್ನುಗಳು ಒಂದರ ಮೇಲೊಂದು ಕೂರುತ್ತವೆ, ಮೆನು ಪುಟದ ಬುಡಕ್ಕೆ ಜಾರುತ್ತದೆ, ಕೆಲವು ಪುಟ ಬೆಳ್ಳಗೆ ಖಾಲಿ ಬರುತ್ತವೆ. ಪುಟದ ಅಂದಚಂದ ನಿರ್ಧರಿಸುವ ಸಿಎಸ್‌ಎಸ್ ಭಾಷೆಗೆ ಹೊಸ ಸೌಲಭ್ಯಗಳು ಸೇರುತ್ತಲೇ ಇರುತ್ತವೆ. ನೆಸ್ಟಿಂಗ್ ಎಂಬ ಒಂದು ಸೌಲಭ್ಯ ಕ್ರೋಮ್‌ಗೆ ಬಂದದ್ದು 2023ರ ಏಪ್ರಿಲಿನ 112ನೇ ಆವೃತ್ತಿಯಲ್ಲಿ. ಅದನ್ನು ನಂಬಿ ಬರೆದ ಪುಟ ನಿಮ್ಮ 109ಕ್ಕೆ ಅರ್ಥವಾಗುವುದಿಲ್ಲ.

ದೂರುವ ಕ್ರಮ ಹೀಗಿರಲಿ. ಮೊದಲು ಮೋಡೆಮ್ ಆಫ್ ಮಾಡಿ ಆನ್ ಮಾಡಿ. ಆಮೇಲೆ ಇಂಟರ್ನೆಟ್ ಕೊಟ್ಟ ಹುಡುಗನಿಗೆ ಫೋನ್ ಮಾಡಿ ಗದರಿಸಿ. ಅವನು ಬಂದು ತನ್ನ ಮೊಬೈಲಿನಲ್ಲಿ ಅದೇ ಪುಟ ಸರಿಯಾಗಿ ತೋರಿಸಿದರೆ, “ಮೊಬೈಲಲ್ಲಿ ಎಲ್ಲಾ ಬರುತ್ತೆ, ಅದು ಬೇರೆ” ಎಂದು ವಾದ ಮುಗಿಸಿ. ಕೊನೆಗೆ ಜಾಲತಾಣ ಮಾಡಿದವರಿಗೆ ಕೆಲಸ ಬರುವುದಿಲ್ಲ ಎಂಬ ತೀರ್ಮಾನಕ್ಕೆ ಬನ್ನಿ. ಎಲ್ಲ ದಾರಿಗಳೂ ಇಲ್ಲಿಗೇ ಬಂದು ಸೇರಬೇಕು.

ಹಂತ 5: ಎಚ್ಚರಿಕೆಯನ್ನು ದಾಟಿ ನಡೆಯಿರಿ

ಒಂದು ದಿನ ಕೆಂಪು ತ್ರಿಕೋನದೊಂದಿಗೆ, ನಿಮ್ಮ ಸಂಪರ್ಕ ಖಾಸಗಿಯಾಗಿಲ್ಲ ಎಂಬ ಪುಟ ಬರುತ್ತದೆ. ಇದು ಸರ್ಟಿಫಿಕೇಟಿನ ತಕರಾರು. ಜಾಲತಾಣ ಅಸಲಿ ಎಂದು ಸಾಕ್ಷಿ ಹೇಳುವ ಮೂಲ ಸರ್ಟಿಫಿಕೇಟುಗಳ ಒಂದು ಪಟ್ಟಿ ಯಂತ್ರದಲ್ಲಿರುತ್ತದೆ. ಆ ಪಟ್ಟಿ ಹಳತಾದರೆ ಅಸಲಿಯೂ ನಕಲಿಯಂತೆ ಕಾಣುತ್ತದೆ. ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ ನೆಚ್ಚಿಕೊಂಡಿದ್ದ ಹಳೆಯ ಮೂಲ ಸರ್ಟಿಫಿಕೇಟಿನ ಅವಧಿ 2021ರ ಸೆಪ್ಟೆಂಬರ್ 30ಕ್ಕೆ ಮುಗಿದಾಗ, ಪಟ್ಟಿ ಹೊಸದಾಗದಿದ್ದ ಎಷ್ಟೋ ಹಳೆಯ ಸಾಧನಗಳು ಸರಿಯಿದ್ದ ಜಾಲತಾಣಗಳನ್ನೂ ತೆರೆಯಲು ಒಪ್ಪಲಿಲ್ಲ.

ನೀವು ಇದರಿಂದ ಕಲಿಯಬೇಕಾದ ಪಾಠ, ಎಚ್ಚರಿಕೆಗಳು ಸುಮ್ಮನೆ ಬರುತ್ತವೆ ಎಂಬುದು. ‘ಅಡ್ವಾನ್ಸ್ಡ್’ ಎಂಬಲ್ಲಿ ಒತ್ತಿ. ನೀವಲ್ಲದೆ ಅಡ್ವಾನ್ಸ್ಡ್ ಮತ್ಯಾರು? ಕೆಳಗೆ ಸಣ್ಣಕ್ಷರದಲ್ಲಿ ಮುಂದುವರಿಯುವ ಕೊಂಡಿ ಬರುತ್ತದೆ. ಅದನ್ನೂ ಒತ್ತಿ. ಇಂಥ ಎಚ್ಚರಿಕೆ ನಿಜವಾಗಿಯೂ ನಕಲಿ ಪುಟಕ್ಕೆ ಬಂದಾಗಲೂ ಹೀಗೇ ದಾಟಿಹೋಗುವ ಅಭ್ಯಾಸ ಕೈಗೆ ಹತ್ತಬೇಕು.

ಅವಧಿ ಮುಗಿದಿದೆ ಎಂದು ಪುಟ ಹೇಳಿದರೆ ಕಂಪ್ಯೂಟರಿನ ತಾರೀಖನ್ನೇ ಹಿಂದಕ್ಕೆ ಹಾಕಿ. ಮದರ್‌ಬೋರ್ಡಿನ ಸೆಲ್ಲು ಸತ್ತಿದ್ದರೆ ಈ ಕೆಲಸವೂ ತಪ್ಪುತ್ತದೆ, ಪ್ರತಿ ಸಲ ಆನ್ ಮಾಡಿದಾಗ ಯಂತ್ರ ತಾನೇ ಹಳೆಯ ವರ್ಷಕ್ಕೆ ಮರಳುತ್ತದೆ. ಆಗ ಹೊಸ ಸರ್ಟಿಫಿಕೇಟುಗಳೆಲ್ಲ ಇನ್ನೂ ಹುಟ್ಟಿಲ್ಲ ಎಂದು ಕ್ರೋಮ್ ತಗಾದೆ ತೆಗೆದರೆ, ತಾರೀಖು ಮುಂದಕ್ಕೆ ಹಾಕಿ. ಹೀಗೆ ಹಿಂದೆ ಮುಂದೆ ಆಡಿಸುತ್ತಿರಿ. ಈ ನಡುವೆ ಮುದ್ರಿಸಿದ ಜಿಎಸ್‌ಟಿ ಬಿಲ್ಲಿನ ಮೇಲೆ ಯಾವ ವರ್ಷ ಬಿತ್ತು ಎಂದು ಲೆಕ್ಕಪರಿಶೋಧಕರು ಕೇಳಿದಾಗ ನೋಡಿಕೊಂಡರಾಯಿತು.

ಹಂತ 6: ವೇಷ ಹಾಕಿ

ಕೆಲವು ಜಾಲತಾಣಗಳು ನಿಮ್ಮ ಬ್ರೌಸರ್ ಹಳೆಯದು ಎಂದು ಬಾಗಿಲಲ್ಲೇ ತಡೆಯುತ್ತವೆ. ಅವಕ್ಕೆ ಗೊತ್ತಾಗುವುದು ಬ್ರೌಸರ್ ತಾನೇ ಕಳಿಸುವ ‘ಯೂಸರ್ ಏಜೆಂಟ್’ ಎಂಬ ಒಂದು ಸಾಲಿನ ಪರಿಚಯದಿಂದ. ನಿಮ್ಮದರಲ್ಲಿ ‘ವಿಂಡೋಸ್ ಎನ್‌ಟಿ 6.1’ ಎಂದಿರುತ್ತದೆ. ವಿಂಡೋಸ್ 7ರ ಒಳಗಿನ ಹೆಸರು ಅದು. ಆ ಸಾಲನ್ನು ಬದಲಿಸಿ ಸುಳ್ಳು ಹೇಳಿ. ಮನಸ್ಸು ಅಳುಕಿದರೆ ಪರಂಪರೆಯನ್ನು ನೆನೆಯಿರಿ. ಕ್ರೋಮ್ ಕೂಡ ತನ್ನ ಪರಿಚಯವನ್ನು ‘ಮೊಝಿಲ್ಲಾ’ ಎಂದೇ ಶುರುಮಾಡಿ ‘ಸಫಾರಿ’ ಎಂದು ಮುಗಿಸುತ್ತದೆ. ನೆಟ್‌ಸ್ಕೇಪ್ ಕಾಲದಿಂದಲೂ ಈ ಓಣಿಯಲ್ಲಿ ನಿಜ ಹೇಳಿದವರು ಕಡಿಮೆ.

ಸುಳ್ಳು ಹೇಳಲು ಹೆಸರು ಕೇಳಿರದ ಯಾರೋ ಮಾಡಿದ ಎಕ್ಸ್‌ಟೆನ್ಶನ್ ಹಾಕಿಕೊಳ್ಳಿ. ಎಲ್ಲ ಜಾಲತಾಣಗಳಲ್ಲಿರುವ ನಿಮ್ಮ ಎಲ್ಲ ಮಾಹಿತಿಯನ್ನು ಓದಲು, ಬದಲಾಯಿಸಲು ಅದು ಅನುಮತಿ ಕೇಳುತ್ತದೆ. ಪಾಪ, ಕೇಳಿದ್ದನ್ನು ಕೊಟ್ಟುಬಿಡಿ. ಈಗ ಜಾಲತಾಣ ನಿಮ್ಮನ್ನು ಹೊಸಬರೆಂದು ನಂಬಿ ಒಳಗೆ ಬಿಡುತ್ತದೆ. ಹದಿನಾಲ್ಕು ಕಲಂಗಳ ಅರ್ಜಿಯನ್ನು ಪೂರ್ತಿ ತುಂಬಿಸಿಕೊಂಡು, ಶುಲ್ಕ ಕಟ್ಟುವ ಬಟನ್ ಒತ್ತಿದಾಗ ನಿಂತುಬಿಡುತ್ತದೆ. ಶುಲ್ಕ ಕಡಿತವಾಗಿದೆಯೋ ಇಲ್ಲವೋ ತಿಳಿಯದ ಆ ಸ್ಥಿತಿಯಲ್ಲಿ ಮತ್ತೊಮ್ಮೆ ಒತ್ತಿ.

ಹಂತ 7: ಬ್ಯಾಂಕಿನ ಕೆಲಸ ಇದರಲ್ಲೇ ಮಾಡಿ

ಹಾಡು ಕೇಳಲು, ಪಂಚಾಂಗ ನೋಡಲು ಹೊಸ ಫೋನ್ ಬಳಸಿ. ದುಡ್ಡಿನ ವಿಷಯಕ್ಕೆ ಮಾತ್ರ ದೊಡ್ಡ ಪರದೆಯ, ನಂಬಿಕೆಯ ಹಳೆಯ ಕಂಪ್ಯೂಟರನ್ನೇ ಇಟ್ಟುಕೊಳ್ಳಿ. ಪಾಸ್‌ವರ್ಡುಗಳನ್ನೆಲ್ಲ ಬ್ರೌಸರಿನಲ್ಲೇ ಉಳಿಸಿ, ಕದಿಯಲು ಬಂದ ತಂತ್ರಾಂಶ ಊರೆಲ್ಲ ಅಲೆಯುವುದು ತಪ್ಪುತ್ತದೆ. ಓಟಿಪಿ ಇರುವಾಗ ಯಾವ ಭಯ ಎಂದು ಧೈರ್ಯ ತಂದುಕೊಳ್ಳಿ. ಪುಟವೇ ನಕಲಿಯಾಗಿದ್ದರೆ ಓಟಿಪಿಯನ್ನೂ ನೀವೇ ಕೈಯಾರೆ ತುಂಬಿ ಕೊಡುತ್ತೀರಿ ಎಂಬ ಚಿಂತೆ ಬೇಡ.

ಯಾರಾದರೂ ವಾನಾಕ್ರೈ ಕಥೆ ಎತ್ತಿದರೆ ಉತ್ತರ ಸಿದ್ಧವಿರಲಿ. 2017ರ ಮೇ 12ರಂದು ಹರಡಿದ ಆ ವೈರಸ್‌ಗೆ ಯಾರೂ ಏನನ್ನೂ ಒತ್ತಬೇಕಿರಲಿಲ್ಲ, ಜಾಲದ ಮೂಲಕ ಯಂತ್ರದಿಂದ ಯಂತ್ರಕ್ಕೆ ತಾನೇ ನುಗ್ಗಿತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಸುಮಾರು 19,000 ರೋಗಿಗಳ ಭೇಟಿಗಳು ರದ್ದಾದವೆಂಬ ಅಂದಾಜನ್ನು ಅಲ್ಲಿನ ಲೆಕ್ಕಪರಿಶೋಧನಾ ಸಂಸ್ಥೆಯ ವರದಿ ಕೊಟ್ಟಿತು. ಸಿಕ್ಕಿಬಿದ್ದ ಯಂತ್ರಗಳಲ್ಲಿ ಹೆಚ್ಚಿನವು ವಿಂಡೋಸ್ 7. ಆಗ ಅದಕ್ಕಿನ್ನೂ ಬೆಂಬಲವಿತ್ತು, ತೂತು ಮುಚ್ಚುವ ಪ್ಯಾಚ್ ಮಾರ್ಚಿನಲ್ಲೇ ಬಂದಿತ್ತು, ಹಾಕಿಕೊಂಡಿರಲಿಲ್ಲ ಅಷ್ಟೇ. ಈಗ ನಿಮಗೆ ಪ್ಯಾಚೇ ಬರುವುದಿಲ್ಲವಾದ್ದರಿಂದ, ಹಾಕಿಕೊಳ್ಳಲಿಲ್ಲ ಎಂಬ ಅಪವಾದವೂ ಇಲ್ಲ. ಅಲ್ಲದೆ 2014ರಲ್ಲೇ ಬೆಂಬಲ ಕಳೆದುಕೊಂಡಿದ್ದ ಎಕ್ಸ್‌ಪಿಗೂ ಆ ಗಲಾಟೆಯಲ್ಲಿ ಮೈಕ್ರೋಸಾಫ್ಟ್ ಪ್ಯಾಚ್ ಕೊಟ್ಟಿತು. ತೀರಾ ಕೆಟ್ಟರೆ ನಮಗೂ ಕೊಡುತ್ತಾರೆ ಎಂದು ಕಾಯಿರಿ.

ಹಂತ 8: ಸರಿದಾರಿಗಳನ್ನು ಗುರುತಿಸಿ ತಪ್ಪಿಸಿಕೊಳ್ಳಿ

ಮೊದಲನೆಯ ಅಪಾಯ ಲಿನಕ್ಸ್. ಲಿನಕ್ಸ್ ಮಿಂಟ್‌ನಂಥದ್ದು 4 ಜಿಬಿ ರ‍್ಯಾಮ್ ಇರುವ ಹಳೆಯ ಯಂತ್ರದಲ್ಲೂ ಪುಕ್ಕಟೆಯಾಗಿ ಕೂರುತ್ತದೆ, ಹೊಸ ಬ್ರೌಸರನ್ನೂ ಕೊಡುತ್ತದೆ. ಒಂದು ಭಾನುವಾರ ಕೂತರೆ ಆಗಿಹೋಗುವ ಕೆಲಸ, ಆದ್ದರಿಂದ ಭಾನುವಾರಗಳಲ್ಲಿ ಕಂಪ್ಯೂಟರ್ ಹತ್ತಿರ ಸುಳಿಯಬೇಡಿ.

ಎರಡನೆಯ ಅಪಾಯ ಇಂಟರ್ನೆಟ್ ಕೇಬಲ್ ಕಿತ್ತುಬಿಡುವುದು. ಡಿಟಿಪಿ ಅಂಗಡಿಯವರು ಇದರ ಬಗ್ಗೆ ವಿಶೇಷ ಎಚ್ಚರ ವಹಿಸಿ. ನಿಮ್ಮ ಹಳೆಯ ಲಗ್ನಪತ್ರಿಕೆಗಳೆಲ್ಲ ಪೇಜ್‌ಮೇಕರಿನಲ್ಲಿವೆ, ಅದರ ಕೊನೆಯ 7.0 ಆವೃತ್ತಿ 2001ರದು. ಅಕ್ಷರಗಳು ಯೂನಿಕೋಡ್‌ಗಿಂತ ಹಿಂದಿನ ನುಡಿ, ಶ್ರೀಲಿಪಿ ಫಾಂಟುಗಳಲ್ಲಿವೆ. ಹಳೆಯ ಯಂತ್ರವನ್ನು ಉಳಿಸಿಕೊಳ್ಳಲು ಇದು ಗಟ್ಟಿ ಕಾರಣವೇ. ಆದರೆ ಪೇಜ್‌ಮೇಕರಿಗಾಗಲಿ ನುಡಿಗಾಗಲಿ ಇಂಟರ್ನೆಟ್ ಬೇಡ. ಕೇಬಲ್ ಕಿತ್ತು, ಫೈಲನ್ನು ಪೆನ್‌ಡ್ರೈವಿನಲ್ಲಿ ಸಾಗಿಸಿ, ಮೇಲ್ ಕಳಿಸುವ ಕೆಲಸವನ್ನು ಬೇರೆ ಯಂತ್ರಕ್ಕೆ ಬಿಟ್ಟರೆ ಇನ್ನೂ ಎಷ್ಟೋ ಮದುವೆ ಮಾಡಿಸಬಹುದು. ಇಂಥ ಸುಲಭೋಪಾಯ ತಲೆಗೆ ಹೊಳೆದರೆ ಒಂದು ಲೋಟ ನೀರು ಕುಡಿದು ಮಲಗಿ.

ಮೂರನೆಯದು, ಅಧಿಕೃತ ತಾಣದಿಂದ ಫೈರ್‌ಫಾಕ್ಸ್ 115 ಹಾಕಿಕೊಂಡು ಸ್ವಲ್ಪ ಕಾಲಾವಕಾಶ ಪಡೆಯುವುದು. ಬೇಡ. ‘ಕ್ರೋಮ್ ಲೇಟೆಸ್ಟ್ ಫಾರ್ ವಿಂಡೋಸ್ 7 ಫೈನಲ್’ ಎಂಬಂಥ ಹೆಸರಿನ ಫೈಲನ್ನು ಎಲ್ಲಿಂದಲಾದರೂ ಹುಡುಕಿ ಇಳಿಸಿಕೊಳ್ಳಿ. ಆಂಟಿವೈರಸ್ ಅಡ್ಡ ಬಂದರೆ ಅದನ್ನು ಆಫ್ ಮಾಡಿ.

ಹಂತ 9: ಕಂಪನಿಗಳನ್ನು ಬೈಯಿರಿ, ಅಲ್ಲಿಗೇ ನಿಲ್ಲಿಸಿ

ಬೈಯಲು ನಿಮಗೆ ಹಕ್ಕಿದೆ, ಇದರಲ್ಲಿ ತಮಾಷೆಯಿಲ್ಲ. ಸವೆಯದ, ಕೆಡದ, ಕೂಡಿಸಿ ಕಳೆಯುವುದನ್ನು ಮರೆಯದ ಯಂತ್ರವೊಂದು ಯಾರದೋ ಕ್ಯಾಲೆಂಡರಿನ ಪ್ರಕಾರ ಮುದಿಯಾಗುತ್ತದೆ. ವಿಂಡೋಸ್ 11 ಬಂದಾಗ ಟಿಪಿಎಂ 2.0 ಎಂಬ ಚಿಪ್ ಬೇಕೆಂದರು. 2017ರಲ್ಲಿ ಶುರುವಾದ ಎಂಟನೇ ತಲೆಮಾರಿಗಿಂತ ಹಿಂದಿನ ಇಂಟೆಲ್ ಪ್ರೊಸೆಸರುಗಳನ್ನು ಬಹುತೇಕ ಹೊರಗಿಟ್ಟರು. ಬದಲಿಗೆ ವಿಂಡೋಸ್ 10 ಹಾಕೋಣವೆಂದರೆ ಅದರ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಕ್ರೋಮ್‌ನ ಮೇಲ್ಗಡೆಯ ಪಟ್ಟಿಯಲ್ಲಿ ‘ಅಪ್‌ಡೇಟ್ ಸಿಗುವುದಿಲ್ಲ’ ಎನ್ನುವವರು ಅದರಿಂದ ನಿಮ್ಮ ಬ್ಯಾಂಕು ಖಾತೆಗೆ ಏನಾಗಬಹುದೆಂದು ಒಂದು ಸಾಲು ಬರೆಯುವುದಿಲ್ಲ.

ಇದನ್ನೆಲ್ಲ ಎತ್ತಿ ಚೆನ್ನಾಗಿ ಬೈಯಿರಿ. ಸಂಜೆ ಗೆಳೆಯರ ಮುಂದೆ ಬೈಯಿರಿ. ಬೈದು ಮನಸ್ಸು ಹಗುರಾದ ಮೇಲೆ ಮನೆಗೆ ಬಂದು ಅದೇ ಕ್ರೋಮ್ ತೆರೆಯಿರಿ. ಅವರ ತಪ್ಪು ಎಷ್ಟು ದೊಡ್ಡದೋ ನಿಮ್ಮ ಖಾತೆ ಅಷ್ಟು ಭದ್ರ ಎಂಬ ನಂಬಿಕೆಯನ್ನು ಕಳೆದುಕೊಳ್ಳಬೇಡಿ.

ಹಂತ 10: ದುಡ್ಡು ಹೋದ ಮೇಲೆ

ಮೇಲಿನದನ್ನೆಲ್ಲ ಶ್ರದ್ಧೆಯಿಂದ ಪಾಲಿಸಿದವರಿಗೆ ಒಂದು ದಿನ ತಾವು ಮಾಡದ ವ್ಯವಹಾರದ ಮೆಸೇಜ್ ಬ್ಯಾಂಕಿನಿಂದ ಬರುವ ಸಂಭವವಿದೆ. ಆಗ ಕೂಡಲೇ 1930ಕ್ಕೆ ಕರೆ ಮಾಡಬೇಡಿ. ಆ ಸಹಾಯವಾಣಿಗೆ ಬೇಗ ತಿಳಿಸಿದರೆ ದುಡ್ಡು ಖಾತೆಯಿಂದ ಖಾತೆಗೆ ಹಾರುವ ಮೊದಲೇ ಬ್ಯಾಂಕುಗಳು ತಡೆಹಿಡಿಯುವ ಅವಕಾಶವಿರುತ್ತದೆ, ಅಲ್ಲಿಗೆ ನಿಮ್ಮ ಇಷ್ಟು ದಿನದ ಸಾಧನೆ ವ್ಯರ್ಥ. ಮೊದಲು ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡಿ. ಮೆಸೇಜ್ ಸುಳ್ಳಿರಬಹುದೆಂದು ರಾತ್ರಿ ಕಳೆಯಿರಿ. ಬೆಳಿಗ್ಗೆ ಕಂಪ್ಯೂಟರ್ ಗೊತ್ತಿರುವ ನೆಂಟರ ಹುಡುಗನನ್ನು ಕೇಳಿ. ಮಧ್ಯಾಹ್ನದ ಮೇಲೆ ಪಾಸ್‌ಬುಕ್ ಹಿಡಿದು ಬ್ಯಾಂಕಿಗೆ ಹೋಗಿ ಸಾಲಿನಲ್ಲಿ ನಿಲ್ಲಿ.

ಅಲ್ಲಿ ಸೈಬರ್ ಕ್ರೈಮ್ ಪೋರ್ಟಲಿನಲ್ಲಿ ದೂರು ದಾಖಲಿಸಿ ಎನ್ನುತ್ತಾರೆ. ಮನೆಗೆ ಬಂದು ಅದನ್ನೂ ಇದೇ ಕಂಪ್ಯೂಟರಿನಲ್ಲೇ ದಾಖಲಿಸಿ. ಪುಟ ತೆರೆಯದಿದ್ದರೆ ಹಂತ 4 ನೋಡಿ.